ತಿನ್ನುವ ಸ್ಪರ್ಧೆಗೆ ಇಳಿಯುವುದು ಹೇಗೆ?

ಶಿರಸಿಯ ಸುತ್ತಮುತ್ತ ನಡೆಯುವ ಹಲಸಿನ ತೊಳೆ ತಿನ್ನುವ ಸ್ಪರ್ಧೆಗಳಲ್ಲಿ ಏಳು ವರ್ಷಗಳಿಂದ ಕೂರುತ್ತಿದ್ದೇನೆ, ಎರಡು ಸಲ ಗೆದ್ದಿದ್ದೇನೆ. ಹಾಗಾಗಿ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಕೇಳುವುದು ಒಂದೇ: “ಶುರು ಮಾಡುವುದು ಹೇಗೆ? ಹೊಟ್ಟೆ ಹಿಗ್ಗಿಸಿಕೊಳ್ಳುವುದು ಹೇಗೆ?”

ಹೊಟ್ಟೆಯ ಮಾತು ಆಮೇಲೆ. ಮೊದಲು ಗಂಟಲಿನ ಮಾತು. 2024ರ ಓಣಂ ಹೊತ್ತಿನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಇಡ್ಲಿ ತಿನ್ನುವ ಸ್ಪರ್ಧೆಯೊಂದರಲ್ಲಿ, ಇಡ್ಲಿ ಗಂಟಲಿಗೆ ಸಿಕ್ಕಿ ಒಬ್ಬರು ತೀರಿಕೊಂಡರು. ಅಷ್ಟು ಮೆತ್ತನೆಯ ಇಡ್ಲಿ!

ನಮ್ಮ ಅಂಬಲಿ ಹಲಸೂ (ಮೆತ್ತನೆಯ ತೊಳೆಯದು) ಹಾಗೆಯೇ. ಬಾಯಿಗೆ ಹಾಕಿದ ಕೂಡಲೇ ಬೇಳೆಯನ್ನೂ, ಅಂದರೆ ಬೀಜವನ್ನೂ, ಎಳೆದುಕೊಂಡು ಒಳಗೆ ಜಾರುತ್ತದೆ. ನಾಲ್ಕು ವರ್ಷಗಳ ಹಿಂದೆ ನನ್ನ ಪಕ್ಕ ಕುಳಿತಿದ್ದ ಹುಡುಗನಿಗೆ ಹೀಗಾಯಿತು. ಕೆಮ್ಮು ಬರಲಿಲ್ಲ, ದನಿಯೂ ಹೊರಡಲಿಲ್ಲ. ಎರಡೂ ಕೈ ಕುತ್ತಿಗೆಗೆ ಹೋದವು. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಲೇ ಇದ್ದರು. ನೋಡಲು ಬಂದಿದ್ದ ನರ್ಸ್ ಒಬ್ಬರು ಓಡಿಬಂದು ಅವನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ನಡುವೆ, ಹೆಗಲುಗಳಿಗೆ ತುಸು ಕೆಳಗೆ, ಅಂಗೈಯ ಬುಡದಿಂದ ಐದು ಏಟು ಹಾಕಿದರು. ಬರಲಿಲ್ಲ. ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಜಗ್ಗಿದರು. ಮೂರನೆಯ ಜಗ್ಗಿಗೆ ಬೇಳೆ ಹಾರಿ ಬಾಳೆಲೆಯ ಮೇಲೆ ಟಪ್ಪನೆ ಬಿತ್ತು. ಆ ಸದ್ದನ್ನು ನಾನು ಮರೆತಿಲ್ಲ.

ಅಂದಿನಿಂದ, ಇದನ್ನು ಬಲ್ಲವರು ಸ್ಥಳದಲ್ಲಿ ಇದ್ದಾರೆಯೇ ಎಂದು ಕೇಳಿಯೇ ಕೂರುತ್ತೇನೆ. ಇಲ್ಲವೆಂದರೆ ಎದ್ದು ಬರುತ್ತೇನೆ. ಒಬ್ಬರೇ ಮನೆಯಲ್ಲಿ ಅಭ್ಯಾಸ ಮಾಡುವುದನ್ನಂತೂ ಯಾರಿಗೂ ಹೇಳಿಕೊಡುವುದಿಲ್ಲ.

ಇನ್ನು ಹೊಟ್ಟೆ. ನೀರನ್ನು ಗಟಗಟನೆ ಕುಡಿದು ಹಿಗ್ಗಿಸುವ ಸಾಹಸ ಖಂಡಿತ ಬೇಡ. ರಕ್ತದಲ್ಲಿ ಸೋಡಿಯಂ ಕುಸಿದು ಮಿದುಳು ಊದಿಕೊಂಡರೆ ಪ್ರಾಣವೇ ಹೋಗಬಹುದು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು ಇಂಥ ಸ್ಪರ್ಧಾಳು ಒಬ್ಬರ ಜಠರವನ್ನು ಪರೀಕ್ಷಿಸಿದಾಗ, ಅದು ಜೋಳಿಗೆಯಂತೆ ಹಿಗ್ಗುತ್ತಲೇ ಹೋಯಿತು, ಆಹಾರವನ್ನು ಮುಂದಕ್ಕೆ ತಳ್ಳುವ ಚಲನೆ ಹೆಚ್ಚುಕಡಿಮೆ ಕಾಣಲೇ ಇಲ್ಲ. ಕಾಲಕ್ರಮದಲ್ಲಿ ಆ ಶಕ್ತಿ ಶಾಶ್ವತವಾಗಿ ಹೋಗಬಹುದೆಂದು ಅವರು ಎಚ್ಚರಿಸಿದರು.

ಹೊಸಬರು ಕಲಿಯಬೇಕಾದದ್ದು ಕೈಚಳಕ. 2001ರಲ್ಲಿ ಜಪಾನಿನ ತಕೇರು ಕೊಬಯಾಶಿ ನ್ಯೂಯಾರ್ಕಿನಲ್ಲಿ 12 ನಿಮಿಷಕ್ಕೆ 50 ಹಾಟ್‌ಡಾಗ್ ತಿಂದು ಹಳೆಯ ದಾಖಲೆಯನ್ನು ಸರಿಸುಮಾರು ಇಮ್ಮಡಿಗೊಳಿಸಿದರು. ಸಾಸೇಜನ್ನು ಎರಡಾಗಿ ಮುರಿಯುವುದು, ಬನ್ನನ್ನು ನೀರಿನಲ್ಲಿ ಅದ್ದುವುದು ಅವರು ಕಂಡುಕೊಂಡ ಉಪಾಯ. ನಮ್ಮಲ್ಲಿ ಅಂಥದ್ದೇ ಉಪಾಯವೆಂದರೆ ಗಟ್ಟಿ ತೊಳೆಯ ಬಕ್ಕೆ ಹಣ್ಣಿರುವ ಸ್ಪರ್ಧೆಯನ್ನೇ ಆರಿಸಿಕೊಳ್ಳುವುದು. ಅದನ್ನು ಅಗಿಯದೆ ನುಂಗಲು ಆಗುವುದಿಲ್ಲ, ಅದೇ ನಮ್ಮನ್ನು ಕಾಯುತ್ತದೆ. ಮೇಣ ಅಂಟದಂತೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ತೊಳೆ ಬಾಯಿಗೆ ಹೋಗುವ ಮೊದಲೇ ಹೆಬ್ಬೆರಳಿನಿಂದ ಬೇಳೆ ಹೊರಬರಬೇಕು. ಹಿಂದಿನ ದಿನ ಉಪವಾಸ ಬೇಡ, ಬೆಳಿಗ್ಗೆ ಒಂದು ಬಟ್ಟಲು ಗಂಜಿ ಸಾಕು. ಸಕ್ಕರೆ ಕಾಯಿಲೆಯವರು ದಯವಿಟ್ಟು ನೋಡಲು ಮಾತ್ರ ಬನ್ನಿ.

ಮೇ ತಿಂಗಳಲ್ಲಿ ನಮ್ಮ ತೋಟದ ಬಕ್ಕೆ ಹಣ್ಣಾಗುತ್ತದೆ. ಕಲಿಯುವ ಮನಸ್ಸಿದ್ದವರು ಬನ್ನಿ, ಬೇಳೆ ಬಿಡಿಸುವುದನ್ನು ತೋರಿಸುತ್ತೇನೆ. ಬರುವಾಗ ಜೊತೆಗೊಬ್ಬರನ್ನು ಕರೆತನ್ನಿ. ಬೆನ್ನಿಗೆ ಏಟು ಹಾಕುವುದನ್ನು ಮೊದಲು ಅವರಿಗೆ ಕಲಿಸಬೇಕು.