ದಿಮಿತ್ಸಾನದ ಒನಕೆಗಳು

ಮೇ 14, 2025, ಬುಧವಾರ, ರಾತ್ರಿ

ಗ್ರೀಸಿನ ಈ ಬೆಟ್ಟದೂರು ದಿಮಿತ್ಸಾನದ ಗ್ರಂಥಾಲಯದ ಸಂಗತಿ ತಲೆಯಿಂದ ಹೋಗುತ್ತಿಲ್ಲ. 1764ರಲ್ಲಿ ಇಲ್ಲೊಂದು ಶಾಲೆ ಶುರುವಾಯಿತು, ಜೊತೆಗೇ ಪುಸ್ತಕಗಳೂ ಕೂಡಿಬಂದವು. 1821ರಲ್ಲಿ ಗ್ರೀಕರು ತುರ್ಕರ ಮೇಲೆ ದಂಗೆ ಎದ್ದಾಗ ಅದೇ ಪುಸ್ತಕಗಳ ಹಾಳೆ ಹರಿದು ಕಾಡತೂಸು ಸುತ್ತಿದರು. ಆಗಿನ ಕೋವಿಗೆ ಮದ್ದು, ಗುಂಡು ಎರಡನ್ನೂ ಕಾಗದದಲ್ಲೇ ಸುತ್ತಬೇಕಿತ್ತು. ಈ ಬೆಟ್ಟದ ಮೇಲೆ ಅಷ್ಟು ಕಾಗದ ಬೇರೆಲ್ಲಿ ಸಿಗಬೇಕು?

ಮದ್ದಿಗೆ ಮಾತ್ರ ಬರವಿರಲಿಲ್ಲ. ಊರ ಕೆಳಗಿನ ಜಲಶಕ್ತಿ ವಸ್ತುಸಂಗ್ರಹಾಲಯದಲ್ಲಿ (ಮಂಗಳವಾರ ರಜೆ) ಮದ್ದು ಕುಟ್ಟುವ ಗಿರಣಿಯನ್ನು ಈಗಲೂ ನಡೆಸಿ ತೋರಿಸುತ್ತಾರೆ. ಆಡಿನ ಹಿಕ್ಕೆ ಕೊಳೆತ ಮಣ್ಣಿಗೆ ನೀರು ಹಾಯಿಸಿ, ಬಸಿದು, ಬೂದಿ ಸೇರಿಸಿ ಕುದಿಸಿ ಆರಲು ಬಿಟ್ಟರೆ ಪೆಟ್ಲುಪ್ಪು ಹರಳುಗಟ್ಟುತ್ತದೆ. ಅದು ಮುಕ್ಕಾಲು ಪಾಲು; ಉಳಿದ ಕಾಲು ಪಾಲಿನಲ್ಲಿ ಇದ್ದಿಲು ಸ್ವಲ್ಪ ಹೆಚ್ಚು, ಗಂಧಕ ಸ್ವಲ್ಪ ಕಡಿಮೆ. ನೀರಿನ ಚಕ್ರ ತಿರುಗಿದಂತೆ ಸಾಲು ಒನಕೆಗಳು ಎದ್ದು ಬೀಳುತ್ತವೆ. ಕುಟ್ಟುವಾಗ ಆಗಾಗ ನೀರು ಚಿಮುಕಿಸುತ್ತಲೇ ಇರಬೇಕು. ಒಣಗಿತೋ, ಗಿರಣಿಯೂ ಇಲ್ಲ, ಕುಟ್ಟುವವನೂ ಇಲ್ಲ. ಇದೇ ತೊರೆ ಹಿಟ್ಟಿನ ಗಿರಣಿಯನ್ನೂ ಉಣ್ಣೆ ಬಟ್ಟೆ ಬಡಿಯುವ ಯಂತ್ರವನ್ನೂ ನಡೆಸುತ್ತಿತ್ತು. ಪಕ್ಕದಲ್ಲೇ ಚರ್ಮ ಹದಮಾಡುವ ಮನೆ.

ಮಠಗಳ ವಿಚಾರ. ಫಿಲೊಸೊಫೂ ಮಠ ಲೂಸಿಯೊಸ್ ನದಿಯ ಕಮರಿಯ ಪಶ್ಚಿಮಕ್ಕೆ, ಪ್ರೊದ್ರೊಮೂ ಪೂರ್ವಕ್ಕೆ. ಎರಡಕ್ಕೂ ಕಾರಿನಲ್ಲೇ ಸುತ್ತುವವರಿದ್ದಾರೆ. ಹಾಗೆ ಮಾಡಿದರೆ ಕಮರಿಯೇ ತಪ್ಪಿಹೋಗುತ್ತದೆ. ಝಾತೂನಾ, ಮಾರ್ಕೊಸ್ ಹಳ್ಳಿಗಳನ್ನು ಕಾರಿನಲ್ಲಿ ದಾಟಿ ಫಿಲೊಸೊಫೂ ತಲುಪಿ, ಅಲ್ಲಿಂದ ನಡೆದು ಇಳಿದು, ಸೇತುವೆ ದಾಟಿ, ಎದುರು ದಡ ಹತ್ತಬೇಕು: ಈ ನಡಿಗೆ ಸುಮಾರು ಒಂದು ಗಂಟೆ. ಬೆಳಿಗ್ಗೆಯೇ ಹೊರಡುವುದು ಮೇಲು, ಪ್ರೊದ್ರೊಮೂ ಬಂಡೆ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಏರು ನೆರಳಲ್ಲಿರುತ್ತದೆ. ಮಧ್ಯಾಹ್ನ ಎರಡೂ ಕಡೆ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಸಂಜೆಗೆ. ಕಾರು ಮಾತ್ರ ಆಚೆ ದಡದಲ್ಲೇ ಉಳಿಯುತ್ತದೆ! ಅದೇ ದಾರಿಯಲ್ಲಿ ವಾಪಸು ನಡೆಯುವ ಮನಸ್ಸಿಲ್ಲದಿದ್ದರೆ ಊರಿನಿಂದ ಟ್ಯಾಕ್ಸಿ ಹಿಡಿಯುವುದೇ ಸರಿ. ನೆರೆಯ ಸ್ಟೆಮ್ನಿತ್ಸಾ ಊರಿನಿಂದ ದಿಮಿತ್ಸಾನಕ್ಕೆ ಇಡೀ ಕಾಲುದಾರಿ 12.5 ಕಿ.ಮೀ., ಮೇನಲೊನ್ ಹಾದಿ ಎಂಬ ಉದ್ದದ ಚಾರಣದಾರಿಯ ಮೊದಲ ತುಂಡು.

ಹಳೆಯ ಫಿಲೊಸೊಫೂ 963ರದ್ದು. ಬಂಡೆಯ ಬಣ್ಣವೇ ಗೋಡೆಗೂ, ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಹೊಸ ಫಿಲೊಸೊಫೂ ಮಠದ ಭಿತ್ತಿಚಿತ್ರಗಳು 1693ರವು. ಪ್ರೊದ್ರೊಮೂದಲ್ಲಿ ಸನ್ಯಾಸಿಗಳ ಮರದ ಮೊಗಸಾಲೆಗಳು ಬಂಡೆಯಿಂದ ಶೂನ್ಯಕ್ಕೆ ಚಾಚಿಕೊಂಡಿವೆ. ಮೊಣಕಾಲು, ಭುಜ ಮುಚ್ಚಿರಬೇಕು, ಹೆಂಗಸರಿಗೆ ಲಂಗ. ಸವೆದ ಸುಣ್ಣಕಲ್ಲಿನ ಮೆಟ್ಟಿಲು ಒದ್ದೆಯಾದರೆ ಚಪ್ಪಲಿ ನಿಲ್ಲದು.

ಝಾತೂನಾ ಅಂದೆನಲ್ಲ, 1968–69ರಲ್ಲಿ ಸೇನಾಡಳಿತ ಸಂಗೀತಗಾರ ಮಿಕಿಸ್ ಥಿಯೊದೊರಾಕಿಸ್‌ರನ್ನು ಕಾವಲಿನಲ್ಲಿಟ್ಟದ್ದು ಅಲ್ಲಿಯೇ. ಅಷ್ಟು ದೂರದ ಊರು ಎಂದೇ ಆರಿಸಿರಬೇಕು.

ಮತ್ತೆ ಆ ದಂಗೆಯ ವಿಚಾರ. ಆರ್ಥೊಡಾಕ್ಸ್ ಚರ್ಚಿನ ಮುಖ್ಯ ಗುರು (ಪೇಟ್ರಿಯಾರ್ಕ್) ಐದನೇ ಗ್ರೆಗೊರಿಯೊಸ್ 1746ರಲ್ಲಿ ಹುಟ್ಟಿದ್ದು ಇದೇ ದಿಮಿತ್ಸಾನದಲ್ಲಿ. ದಂಗೆಕೋರರಿಗೆ ಬಹಿಷ್ಕಾರ ಹಾಕಿದವರು ಅವರೇ. ಆದರೂ 1821ರ ಈಸ್ಟರ್ ದಿನ ಸುಲ್ತಾನ ಅವರನ್ನು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅವರದೇ ಗುರುಪೀಠದ ಬಾಗಿಲಿಗೆ ನೇಣುಹಾಕಿಸಿದ. ಇತ್ತ ಹುಟ್ಟೂರಲ್ಲಿ ಮದ್ದು ಕುಟ್ಟುತ್ತಲೇ ಇದ್ದರು. ಅವರ ಮನೆ ಈಗ ಚರ್ಚಿನ ವಸ್ತುಸಂಗ್ರಹಾಲಯ. ನಾಳೆ ಬಾಗಿಲು ತೆಗೆದಿದ್ದರೆ ನೋಡಬೇಕು, ಆ ಬಹಿಷ್ಕಾರದ ಪತ್ರದ ಬಗ್ಗೆ ಅಲ್ಲಿ ಏನಾದರೂ ಬರೆದು ಹಾಕಿದ್ದಾರೋ, ಇಲ್ಲಾ ನೇಣಿನ ಚಿತ್ರ ಮಾತ್ರವೋ…