ಮುಕ್ಕಾಲು ಚೌಕ

"ಅಂದ್ರೆ, ನಾವು ಬಡವರಾಗಿರ್ಲಿಲ್ವಾ ಅಮ್ಮಾ?"

ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದ್ದು ಇಷ್ಟೇ. ಇವತ್ತು ಶನಿವಾರ. ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ, ಆಫೀಸಿನಲ್ಲಿ ಯಾರೋ ಏನೋ ವಿವರಿಸುತ್ತಿರುವಾಗ ಈ ಮಾತು ಮತ್ತೆ ಮತ್ತೆ ಬಂದು ಕೂರುತ್ತಿದೆ.

ಅವತ್ತು ಬೆಳಿಗ್ಗೆ ನಾವಿಬ್ಬರೂ ಅರ್ಧ ದಿನ ರಜೆ ಹಾಕಿ ಮನೆ ಸಾಲದ ಕೊನೆಯ ಹಣ ಕಟ್ಟಿ ಬಂದಿದ್ದೆವು. 2014ರಲ್ಲಿ ತೆಗೆದಿದ್ದ ಸಾಲ. 20 ವರ್ಷದ್ದು 11 ವರ್ಷಕ್ಕೆ ತೀರಿತು. ಮೇಜಿನ ಆಚೆ ಕೂತಿದ್ದ ಹುಡುಗ "ಇನ್ನೂ ಒಂಬತ್ತು ವರ್ಷ ಇತ್ತಲ್ಲ ಮೇಡಂ, ಏನವಸರ?" ಅಂದ. ಬಂದ ನೆಂಟರನ್ನು ಇನ್ನೆರಡು ದಿನ ಇದ್ದು ಹೋಗಿ ಅನ್ನುವ ಧಾಟಿಯಲ್ಲಿ. ಆಮೇಲೆ ಇನ್ನೊಂದು ಸಾಲದ ಫಾರಂ ಮುಂದೆ ತಳ್ಳಿದ. ಒಳ್ಳೆಯ ಹುಡುಗನೇ, ಅವನ ಕೆಲಸ ಅದು. ಆದರೆ ಅವನ ಮುಖದಲ್ಲಿ ಇದ್ದದ್ದು ನಿಜವಾದ ಬೇಸರ ಅಂತ ನನಗೆ ಈಗಲೂ ಅನುಮಾನ.

ರಾತ್ರಿ ಇವರು ತಟ್ಟೆ ಮುಂದೆ ಕೂತು ಗಂಟಲು ಸರಿ ಮಾಡಿಕೊಂಡರು. ಇವರದ್ದು ಯಾವಾಗಲೂ ಪೀಠಿಕೆ ಜಾಸ್ತಿ. ಮಾರ್ಟ್‌ಗೇಜ್ ಅನ್ನೋ ಮಾತು ಹಳೇ ಫ್ರೆಂಚಿನಿಂದ ಬಂದಿದ್ದು, ಅದರ ಅರ್ಥ 'ಸತ್ತ ಒತ್ತೆ', ಸಾಲ ತೀರಿದ ದಿನ ಆ ಒತ್ತೆ ಸಾಯುತ್ತೆ, ಅಂತೆಲ್ಲ ಹೇಳಿ ಕೊನೆಗೆ "ಇವತ್ತಿಂದ ಈ ಮನೆ ನಮ್ಮದು" ಅಂದರು.

ಹತ್ತು ವರ್ಷದ ಮಗ ತಲೆ ಎತ್ತಿದ. "ಇಷ್ಟು ದಿನ ಯಾರದ್ದಾಗಿತ್ತು?"

ನಾವು ನಕ್ಕೆವು. ಅವನಿಗೆ ವಿವರಿಸಿದೆವು. ಪ್ರತಿ ತಿಂಗಳು ಕಟ್ಟಬೇಕಾದ ಕಂತಿನ ಮೇಲೆ ಇನ್ನೂ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಿ ಕಟ್ಟುತ್ತಾ ಬಂದೆವು, ಹಾಗಾಗಿ ಇಷ್ಟು ಬೇಗ ಮುಗಿಯಿತು ಅಂತ. ಮಗಳು ಕೇಳುತ್ತಿದ್ದಳು. ಅವಳಿಗೀಗ 16. ಕೈ ತಟ್ಟೆಯಲ್ಲೇ ನಿಂತಿತ್ತು. ಆಗ ಕೇಳಿದಳು, "ಅಂದ್ರೆ, ನಾವು ಬಡವರಾಗಿರ್ಲಿಲ್ವಾ ಅಮ್ಮಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಉತ್ತರ ಸರಿ ನೋಡಿಕೊಳ್ಳುವವರು ಕೇಳುವ ಹಾಗೆ ಕೇಳಿದಳು. ಮತ್ತು ನಾನು ನಕ್ಕುಬಿಟ್ಟೆ. ಮಗ ಕೇಳಿದ್ದಕ್ಕೆ ನಕ್ಕಿದ್ದೆನಲ್ಲ, ಅದೇ ನಗು ಇನ್ನೂ ಬಾಯಲ್ಲೇ ಇತ್ತು. "ಬಡವರಾ? ಯಾರು ಹೇಳಿದ್ದು ನಿಂಗೆ?" ಅಂದೆ.

"ಯಾರೂ ಹೇಳಿಲ್ಲ" ಅಂದಳು. ಊಟ ಮುಂದುವರಿಸಿದಳು.

ಯಾರೂ ಹೇಳಿಲ್ಲ. ಅದೇ ತಾನೇ ವಿಷಯ. ಸಾಲ ಎಷ್ಟು, ಯಾಕೆ ಬಿಗಿ ಹಿಡಿದಿದ್ದೇವೆ, ಎಲ್ಲಿಯವರೆಗೆ, ಯಾವುದನ್ನೂ ನಾವು ಮಕ್ಕಳಿಗೆ ಹೇಳಿರಲಿಲ್ಲ. ದುಡ್ಡಿನ ಚಿಂತೆ ಅವರ ತಲೆಗೆ ಯಾಕೆ ಅಂತ. ಬೇಡ ಅಂದಿದ್ದು ಮಾತ್ರ ಅವರಿಗೆ ಕೇಳಿಸಿತು, ಯಾಕೆ ಬೇಡ ಅನ್ನೋದು ಬೀರುವಿನೊಳಗೇ ಉಳಿಯಿತು.

ಬೀರುವಿನೊಳಗೆ ಅಂದರೆ ನಿಜವಾಗಿಯೂ ಬೀರುವಿನೊಳಗೆ. ಸಾಲ ತೆಗೆದ ವಾರ ಇವರು ಒಂದು ದೊಡ್ಡ ಹಾಳೆಯಲ್ಲಿ 240 ಚೌಕ ಎಳೆದು ಬೀರು ಬಾಗಿಲಿನ ಒಳಬದಿಗೆ ಅಂಟಿಸಿದ್ದರು. ತಿಂಗಳಿಗೊಂದು ಚೌಕ. ಕಂತು ಕಟ್ಟಿದಾಗ ಮೇಲಿನಿಂದ ಒಂದಕ್ಕೆ ನೀಲಿ ಬಣ್ಣ. ಹೆಚ್ಚಿಗೆ ಕಟ್ಟಿದಾಗ ಕೆಳಗಿನಿಂದ ಎಷ್ಟು ಚೌಕ ಕಳೆಯುತ್ತೋ ಅಷ್ಟಕ್ಕೆ ಕೆಂಪು ಗೀಟು. ನೀಲಿ ಮತ್ತು ಕೆಂಪು ಎಲ್ಲಿ ಸಂಧಿಸುತ್ತವೋ ಅಲ್ಲಿಗೆ ಸಾಲ ಮುಗಿಯಿತು. ಬೀರುವಿಗೆ ಬೀಗ ಇತ್ತು. ಮಕ್ಕಳು ಆ ಹಾಳೆಯನ್ನು ನೋಡಿದ್ದೇ ಇಲ್ಲ.

ಈ ಲೆಕ್ಕ ಒಂದು ಸಲ ಅರ್ಥವಾದರೆ ಬಿಡಿಸಿಕೊಳ್ಳೋದು ಕಷ್ಟ. ಶೇ. 8ರ ಬಡ್ಡಿಯಲ್ಲಿ 20 ವರ್ಷದ ಸಾಲ ಅಂದರೆ, ಮೊದಲ ಕಂತಿನ ನೂರು ಪಾಲಿನಲ್ಲಿ ಸುಮಾರು 80 ಪಾಲು ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರೋದು 20. ಕಂತು ಬಿಟ್ಟು ಬೇರೇನೂ ಕಟ್ಟದಿದ್ದರೆ ಅಸಲು ಅರ್ಧ ಆಗೋಕೆ ಹದಿಮೂರೂವರೆ ವರ್ಷ ಬೇಕು. ಪೂರ್ತಿ ತೀರುವ ಹೊತ್ತಿಗೆ ತೆಗೆದುಕೊಂಡಿದ್ದರ ಎರಡರಷ್ಟು ಕಟ್ಟಿರುತ್ತೀರಿ. ನಮ್ಮ ಹಾಗೆ 11 ವರ್ಷಕ್ಕೆ ಮುಗಿಸಿದರೆ ಬಡ್ಡಿ ಅರ್ಧಕ್ಕರ್ಧ ಕಡಿಮೆ. ಇಷ್ಟು ಬಿಗಿ ಆಗದಿದ್ದರೂ ವರ್ಷಕ್ಕೆ ಬರೀ ಒಂದು ಕಂತು ಜಾಸ್ತಿ ಕಟ್ಟಿದರೂ ಸಾಕು, ಮೂರು ವರ್ಷಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ ಹೆಚ್ಚಿಗೆ ಕಟ್ಟಿದ್ದನ್ನು ಅಸಲಿಗೇ ಹಾಕಿ, ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬಾಯಿ ಬಿಟ್ಟು ಹೇಳಬೇಕು. ಮೊದಲ ಸಲ ನಾವು ಹೇಳಲಿಲ್ಲ, ಕಂತು ಇಳಿಸಿ ಕಳಿಸಿದರು. ಮತ್ತೆ ಹೋಗಿ ಅರ್ಜಿ ಕೊಟ್ಟು ಸರಿ ಮಾಡಿಸಿದೆವು.

ಇನ್ನೊಂದು ಸಂಗತಿ ಇದೆ. ಮೊದಲ ವರ್ಷದ ಕೊನೆಗೆ ಒಂದು ಕಂತಿನಷ್ಟು ಹೆಚ್ಚಿಗೆ ಕಟ್ಟಿದರೆ ಕೆಳಗಿನಿಂದ ನಾಲ್ಕು ಚೌಕ ದಾಟಿ ಗೀಟು ಬೀಳುತ್ತಿತ್ತು. ಕೊನೆಕೊನೆಗೆ ಅದೇ ಹಣಕ್ಕೆ ಒಂದೇ ಚೌಕ. ಹಾಗಾಗಿ ಶುರುವಿನಲ್ಲೇ ಹೊಟ್ಟೆ ಬಟ್ಟೆ ಕಟ್ಟಬೇಕು, ಆಮೇಲೆ ಕಟ್ಟಿದರೆ ಅಷ್ಟು ಲಾಭ ಇಲ್ಲ. ನಾವೂ ಹಾಗೇ ಮಾಡಿದೆವು. ಶುರುವಿನ ಆ ವರ್ಷಗಳಲ್ಲಿ ಅವಳಿಗೆ ಐದು, ಆರು, ಏಳು, ಎಂಟು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಎರಡು ದಿನದ ಟ್ರಿಪ್ಪಿನ ಚೀಟಿ ಬಂತು. ಅವಳೇ ತಂದುಕೊಟ್ಟಳು. ನಾನು ಓದಿ ಕೆಳಗೆ ಇಡುವ ಮೊದಲೇ "ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ, ನಾನು ಹೋಗಲ್ಲ" ಅಂದಳು. ಅವಳಿಗೆ ಬಸ್ಸಿನಲ್ಲಿ ಒಂದು ದಿನವೂ ವಾಂತಿ ಆಗಿರಲಿಲ್ಲ. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನಾನು "ಜಾಣೆ" ಅಂದೆ. ಅಷ್ಟೇ ಅಂದಿದ್ದು. ಚೀಟಿ ಹಿಂದೆ ಸಾಮಾನಿನ ಪಟ್ಟಿ ಬರೆದುಕೊಂಡೆ, ಕಾಗದ ವೇಸ್ಟ್ ಆಗಬಾರದು ನೋಡಿ.

ನನ್ನ ಮೈದುನ ಇದನ್ನೆಲ್ಲ ಮೊದಲಿನಿಂದಲೂ ಹುಚ್ಚಾಟ ಅನ್ನುತ್ತಿದ್ದ. "ಅತ್ತಿಗೆ, ಆ ದುಡ್ಡನ್ನ ಷೇರಿಗೆ ಹಾಕಿ, ಸಾಲ ಅದರ ಪಾಡಿಗೆ ಅದು ತೀರುತ್ತೆ" ಅನ್ನೋನು. ಅವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಸಾಲದ ಬಡ್ಡಿಗಿಂತ ಜಾಸ್ತಿ ಗಳಿಸೋ ಕಡೆ ಹಣ ಇಟ್ಟರೆ ಅವನೇ ಗೆದ್ದ. ಆದರೆ ಶೇ. 8ರ ಸಾಲಕ್ಕೆ ಕಟ್ಟಿದ ಹಣ ಶೇ. 8 ಉಳಿಸೋದು ಖಂಡಿತ, ಷೇರಿನಲ್ಲಿ ಆ ಖಂಡಿತ ಇಲ್ಲ. ಮತ್ತೆ ಅವನ ಬಾಯಲ್ಲಿ ಇರುವಷ್ಟು ಷೇರು ಅವನ ಖಾತೆಯಲ್ಲಿ ಇರಲಿಲ್ಲ, ಅದು ಬೇರೆ ಮಾತು. 2022ರಲ್ಲಿ ಎಲ್ಲ ಕಡೆ ಬಡ್ಡಿ ಏರಿದಾಗ ಅವನ ಸಾಲದ ಅವಧಿ ವರ್ಷಗಟ್ಟಲೆ ಉದ್ದ ಆಯಿತು. ಫೋನ್ ಮಾಡಿ ಗೋಳಾಡಿದ. ನಾನು "ಅಯ್ಯೋ ಪಾಪ" ಅಂದೆ, ಒಳಗೊಳಗೇ ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ.

ಆದರೆ ಅವನ ಮಕ್ಕಳು ಟ್ರಿಪ್ಪಿಗೆ ಹೋಗುತ್ತಿದ್ದರು. ಬಂದಾಗ ನಮ್ಮನೆಯಲ್ಲಿ ಫೋಟೋ ತೋರಿಸುತ್ತಿದ್ದರು. ನಮ್ಮವಳು ಗಮನವಿಟ್ಟು ನೋಡುತ್ತಿದ್ದಳು.

ಬುಧವಾರ ತಡೆಯಲಾರದೆ ಅವಳ ಪಕ್ಕ ಹೋಗಿ ಕೂತೆ. "ಆ ಟ್ರಿಪ್ಪು ನೆನಪಿದೆಯಾ ನಿಂಗೆ? ವಾಂತಿ ಬರುತ್ತೆ ಅಂದಿದ್ದೆ?"

"ಯಾವ ಟ್ರಿಪ್ಪು?" ಅಂದಳು. ನಿಜವಾಗಿಯೂ ನೆನಪಿರಲಿಲ್ಲ. ಎಂಟು ವರ್ಷ ನಾನೊಬ್ಬಳೇ ಹೊತ್ತುಕೊಂಡು ಓಡಾಡಿದ್ದೆನಾ ಅದನ್ನ, ಅನ್ನಿಸಿ ಒಂದು ಕ್ಷಣ ಹಗುರಾಯಿತು.

ಆಮೇಲೆ ಅವಳು ಅಂದಳು: "ಅಂಗಡಿ ನೆನಪಿದೆ. ಬಿಲ್ ಹಾಕೋ ಕಡೆ ನೀನು ಒಂದೊಂದೇ ಸಾಮಾನು ತೆಗೆದು ವಾಪಸ್ ಇಡ್ತಿದ್ದೆಯಲ್ಲ. ಹಿಂದೆ ಜನ ಕಾಯ್ತಿರೋರು. ನಾನು ಬೇರೆ ಕಡೆ ನೋಡ್ತಾ ನಿಂತಿರ್ತಿದ್ದೆ."

ಅದು ನನಗೆ ಮರೆತೇ ಹೋಗಿತ್ತು. ತಿಂಗಳ ಮೊದಲೇ ಸಾಮಾನಿಗೆ ಇಷ್ಟು ಅಂತ ಕವರಿನಲ್ಲಿ ನೋಟು ಇಟ್ಟುಕೊಂಡು ಹೋಗುತ್ತಿದ್ದೆ, ಕಾರ್ಡು ಮನೆಯಲ್ಲೇ ಬಿಟ್ಟು. ಕವರಿನಲ್ಲಿದ್ದದ್ದಕ್ಕಿಂತ ಬಿಲ್ ಜಾಸ್ತಿ ಆದರೆ ಒಂದೆರಡು ವಾಪಸ್. ನನಗೆ ಅದೊಂದು ಆಟ. ಗೆದ್ದ ಹಾಗೆ ಮನೆಗೆ ಬರುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಐದು ವರ್ಷದ ಮಗುವಿಗೆ ಕಾಣಿಸಿದ್ದು ಅಮ್ಮನ ಹತ್ತಿರ ದುಡ್ಡಿಲ್ಲ ಅನ್ನೋದು. ಕವರಿನ ಸುದ್ದಿ ಅವಳಿಗೇನು ಗೊತ್ತು?

ಬಡತನ ಅಂದರೆ ಏನು ಅಂತ ನನಗೆ ಗೊತ್ತು, ನಾನು ಅದರಲ್ಲೇ ಬೆಳೆದವಳು. ಅಲ್ಲಿ ವಾಪಸ್ ಇಡೋಕೆ ಸಾಮಾನೇ ಇರಲಿಲ್ಲ. ಹಾಗಾಗಿ ನಮ್ಮ ಮಿತವ್ಯಯವನ್ನು ಬಡತನ ಅಂದುಕೊಳ್ಳೋದಕ್ಕೆ ಸಾಧ್ಯ ಅಂತಲೇ ನನಗೆ ಹೊಳೆದಿರಲಿಲ್ಲ. ನನಗೆ ಎರಡರ ನಡುವಿನ ವ್ಯತ್ಯಾಸ ಬೆಟ್ಟದಷ್ಟು. ಅವಳಿಗೆ ಅದನ್ನು ನೋಡೋಕೆ ಬೇಕಾಗಿದ್ದು ಆ ಒಂದು ಹಾಳೆ. ನೀಲಿ ಎಷ್ಟು, ಕೆಂಪು ಎಷ್ಟು ಅಂತ ನೋಡಿದ್ದರೆ ಅವಳೂ ಬಣ್ಣ ಹಚ್ಚುತ್ತಿದ್ದಳೇನೋ. ಟ್ರಿಪ್ಪು ಬೇಡ ಅನ್ನೋದನ್ನೇ ಬಹುಶಃ ಬೇರೆ ಥರ ಹೇಳುತ್ತಿದ್ದಳು. ಅಥವಾ ಬೇಕು ಅಂತ ಜಗಳ ಆಡುತ್ತಿದ್ದಳು, ಅದೂ ಒಳ್ಳೆಯದೇ ಆಗುತ್ತಿತ್ತು. ಮಕ್ಕಳಿಗೆ ಹೇಳಬಾರದು ಅನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹೇಳದೆ ಉಳಿದ ಜಾಗ ಖಾಲಿ ಇರಲ್ಲ, ಮಕ್ಕಳು ಅಲ್ಲಿ ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ.

ಸಾಲ ಮಾಡಿದ್ದಕ್ಕೂ ತೀರಿಸಿದ್ದಕ್ಕೂ ನನಗೆ ಪಶ್ಚಾತ್ತಾಪ ಇಲ್ಲ. ಇನ್ನೊಂದು ಸಲ ಅಂದರೂ ಹಳೇ ಸೈಕಲ್ಲೇ ತರುತ್ತೇನೆ, ಹಳೇ ಫೋನಿಗೇ ಬ್ಯಾಟರಿ ಹಾಕಿಸುತ್ತೇನೆ. ರಾತ್ರಿ ಮಲಗಿದಾಗ ಈ ಗೋಡೆಗೆ ಯಾರ ಹಕ್ಕೂ ಇಲ್ಲ ಅನ್ನೋದಕ್ಕೆ ಬೆಲೆ ಕಟ್ಟೋಕಾಗಲ್ಲ. ಮಗ ಆಗಲೇ ಹೊಸ ಸೈಕಲ್ಲಿನ ಬಣ್ಣ ಆರಿಸಿದ್ದಾನೆ. ಅವನಿಗೆ ಬಿಗಿಯ ವರ್ಷಗಳು ನೆನಪೇ ಇಲ್ಲ.

ನಿನ್ನೆ ರಾತ್ರಿ ಎಲ್ಲರೂ ಅವರವರ ಪಾಡಿಗೆ ಇದ್ದಾಗ ಆ ಹಾಳೆಯನ್ನು ಬಾಗಿಲಿನಿಂದ ಮೆಲ್ಲಗೆ ಕಿತ್ತೆ. ಟೇಪು ಹಳದಿಯಾಗಿತ್ತು. ಮಂಚದ ಮೇಲೆ ಹರಡಿಕೊಂಡು 2017ರ ಸಾಲು ಹುಡುಕಿದೆ. ಟ್ರಿಪ್ಪಿಗೆ ಕೇಳಿದ್ದು ನಮ್ಮ ಕಂತಿನ ಕಾಲು ಭಾಗ. ಆ ಹೊತ್ತಿಗೆ ಆಗಲೇ ಎಷ್ಟೋ ಕೆಂಪು ಗೀಟು ಬಿದ್ದಿತ್ತು, ಹಾಗಾಗಿ ಪೂರ್ತಿ ಕಂತಿಗೆ ಮೂರು ಚೌಕ ಕೂಡ ಕಳೆಯುತ್ತಿರಲಿಲ್ಲ. ಕಾಲು ಭಾಗಕ್ಕೆ ಎಷ್ಟು? ಬೆರಳಲ್ಲಿ ಎಣಿಸಿದೆ, ಫೋನಿನಲ್ಲಿ ಗುಣಿಸಿದೆ. ಮುಕ್ಕಾಲು ಚೌಕ. ಅಷ್ಟೂ ಬರಲ್ಲ.

ಮಗಳು ಚಾರ್ಜರ್ ಹುಡುಕಿಕೊಂಡು ಒಳಗೆ ಬಂದಳು. ಹಾಳೆಯನ್ನು ಒಂದು ಸಲ ನೋಡಿದಳು. "ಇದೇನಾ ಅದು?" ಅಂದಳು. ಹೂಂ ಅಂದೆ. ಬಗ್ಗಿ ನೋಡಿ, ಕೆಳಗಿನ ಕೆಂಪು ಗೀಟುಗಳ ಮೇಲೆ ಬೆರಳಾಡಿಸಿದಳು. "ಅಪ್ಪನ ಗೆರೆ ಎಷ್ಟು ನೇರ ನೋಡು" ಅಂದು ಚಾರ್ಜರ್ ತೆಗೆದುಕೊಂಡು ಹೊರಟಳು. ಬಾಗಿಲು ದಾಟುವಾಗ ಅಭ್ಯಾಸಬಲದಿಂದ ಕೈ ಗೋಡೆಗೆ ಹೋಯಿತು, ಲೈಟ್ ಆರಿತು.

"ಏಯ್, ನಾನಿದ್ದೀನಿ ಇಲ್ಲಿ" ಅಂದೆ ಕತ್ತಲಲ್ಲಿ.