ಸುದ್ದಿ ಕೇಳೋಕೆ ಟಿಕೆಟ್ ತಗೊಂಡು ಹೋಗುವ ಜನ

ನಾವಿರುವ ಬೇ ಏರಿಯಾದಲ್ಲಿ, ಅಂದ್ರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಪಾಪ್-ಅಪ್ ಮ್ಯಾಗಜೀನ್ ಅಂತ ಒಂದು ಪತ್ರಿಕೆ ಇತ್ತು. ಅದರ ಸಂಚಿಕೆ ಬರ್ತಿದ್ದದ್ದು ರಂಗದ ಮೇಲೆ. ವರದಿಗಾರರು, ಫೋಟೋಗ್ರಾಫರ್‌ಗಳು, ರೇಡಿಯೋದವರು ಒಬ್ಬೊಬ್ಬರೇ ಬಂದು ತಾವೇ ಓಡಾಡಿ ತಂದ ಸುದ್ದಿಯನ್ನು ಕೆಲವೇ ನಿಮಿಷಗಳಲ್ಲಿ ಹೇಳ್ತಿದ್ದರು. ಹಿಂದೆ ಪರದೆ ಮೇಲೆ ಚಿತ್ರಗಳು, ಜೊತೆಗೆ ವಾದ್ಯದವರು. ಜಾಹೀರಾತು ಕೂಡ ಅಲ್ಲೇ, ಕಣ್ಣೆದುರಿಗೇ. 2009ರಲ್ಲಿ ಡಗ್ಲಸ್ ಮೆಕ್‌ಗ್ರೇ ಮತ್ತು ಗೆಳೆಯರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದನ್ನು ಶುರು ಮಾಡಿದರು. ಆಮೇಲೆ ಓಕ್‌ಲ್ಯಾಂಡಿನ ಪ್ಯಾರಮೌಂಟ್‌ನಂಥ ದೊಡ್ಡ ಥಿಯೇಟರ್‌ಗಳೂ ತುಂಬಿದವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಒಂದು ನಿಯಮ. ರೆಕಾರ್ಡಿಂಗ್ ಇಲ್ಲ. ಆವತ್ತು ಬಂದವರಿಗಷ್ಟೇ ಕಥೆ. ಆಮೇಲೆ ನೋಡಿದರಾಯ್ತು ಅನ್ನೋ ದಾರಿಯೇ ಇಲ್ಲದಿದ್ದಾಗ ಜನ ಎಷ್ಟು ಕಿವಿಗೊಟ್ಟು ಕೇಳ್ತಾರೆ ಅಂತ ನೋಡಬೇಕು. ತಾಳಮದ್ದಳೆಯಲ್ಲಿ ಒಳ್ಳೆ ಅರ್ಥಧಾರಿ ಮಾತಿಗೆ ನಿಂತಾಗ ಸಭೆ ಹೇಗಿರುತ್ತೋ, ಹಾಗೆ. ಇನ್ನೊಂದು ವಿಷಯ: ಬರೆದವರ ಮುಖ ಕಾಣ್ತಿತ್ತು, ಆಟ ಮುಗಿದ ಮೇಲೆ ಅವರು ಜನರ ನಡುವೆಯೇ ನಿಂತಿರ್ತಿದ್ದರು, ನೀವು ನೇರ ಹೋಗಿ ಇದು ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಬಹುದಿತ್ತು. ಸುದ್ದಿಯ ಮೇಲೆ ನಂಬಿಕೆ ಹುಟ್ಟೋದು ಹೀಗೇ ಅಲ್ವಾ?

ಅಮೆರಿಕಕ್ಕೆ ಇದು ಹೊಸದಲ್ಲ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಸರ್ಕಾರದ ದುಡ್ಡಿನಿಂದಲೇ 'ಲಿವಿಂಗ್ ನ್ಯೂಸ್‌ಪೇಪರ್' ನಾಟಕಗಳು ಶುರುವಾದವು. ಕೆಲಸವಿಲ್ಲದ ಪತ್ರಕರ್ತರೂ ನಟರೂ ಸೇರಿ ರೈತರ ಪಾಡು, ಕರೆಂಟಿನ ಬೆಲೆ, ಬಡವರ ಮನೆಗಳ ದುರವಸ್ಥೆಯನ್ನು ರಂಗಕ್ಕೆ ತಂದರು. ಇಥಿಯೋಪಿಯಾ ಯುದ್ಧದ ಕುರಿತ ಮೊದಲ ನಾಟಕವನ್ನೇ ಸರ್ಕಾರ ತಡೆಯಿತು. 1939ರಲ್ಲಿ ಸಂಸತ್ತು ದುಡ್ಡನ್ನೇ ನಿಲ್ಲಿಸಿತು.

ಪಾಪ್-ಅಪ್ ಕೂಡ ಉಳಿಯಲಿಲ್ಲ. ಕೋವಿಡ್‌ನಲ್ಲಿ ಥಿಯೇಟರ್‌ಗಳು ಮುಚ್ಚಿದವು, 2023ರಲ್ಲಿ ಅದೂ ನಿಂತಿತು. ನನಗಂತೂ ತುಂಬಾ ಬೇಜಾರಾಯ್ತು. ಆದರೆ ಆ ದಾರಿ ಹಿಡಿದವರು ಬೇರೆ ಕಡೆ ಇದ್ದಾರೆ: 2014ರಲ್ಲಿ ಪ್ಯಾರಿಸ್‌ನಲ್ಲಿ ಲೈವ್ ಮ್ಯಾಗಜೀನ್ ಶುರುವಾಯ್ತು, 2016ರಲ್ಲಿ ಫಿನ್‌ಲೆಂಡಿನ ದೊಡ್ಡ ದಿನಪತ್ರಿಕೆ ಹೆಲ್ಸಿಂಗಿನ್ ಸನೊಮಾತ್ ತನ್ನ ವರದಿಗಾರರನ್ನೇ ಅಲ್ಲಿನ ರಾಷ್ಟ್ರೀಯ ರಂಗಮಂದಿರದ ವೇದಿಕೆಗೆ ಹತ್ತಿಸಿತು.

ಕನ್ನಡದಲ್ಲಿ ಇದನ್ನು ಯಾರಾದರೂ ದೊಡ್ಡದಾಗಿ ಮಾಡಲಿ ಅಂತ ನನಗೆ ನಿಜವಾಗಿ ಆಸೆ. ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಓಡಾಡಿದ ವರದಿಗಾರರ ಹತ್ತಿರ ಅಚ್ಚಿಗೆ ಹೋಗದ ಎಷ್ಟೋ ಕಥೆಗಳಿವೆ. ರಂಗಶಂಕರ ಇದೆ, ಮೈಸೂರಿನ ರಂಗಾಯಣ ಇದೆ. ಊರಲ್ಲಿರುವ ಪತ್ರಕರ್ತ ಗೆಳೆಯರೇ, ಒಂದು ಸಂಜೆ ಮಾಡಿ ನೋಡಿ.